ಸಹಾಯ ಬೇಕು: ಎರಡು ಕಾಲಗಳ ಕಾದಂಬರಿಗೆ ಸಿನಾಪ್ಸಿಸ್ (ಕಥಾಸಾರಾಂಶ) ಬರೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಗದಗದವಳು. ಬೆಟಗೇರಿಯ ನೇಕಾರ ಮನೆತನವೊಂದರ ಕುರಿತ ನನ್ನ ಕಾದಂಬರಿಯ ಇಂಗ್ಲಿಷ್ ಹಸ್ತಪ್ರತಿ ಸಿದ್ಧವಾಗಿದ್ದು, ಅದನ್ನು ಸಾಹಿತ್ಯ ಏಜೆಂಟರಿಗೆ (ಲೇಖಕರ ಪರವಾಗಿ ಪ್ರಕಾಶಕರೊಡನೆ ವ್ಯವಹರಿಸುವವರಿಗೆ) ಕಳಿಸಬೇಕೆಂದಿದ್ದೇನೆ. ಕನ್ನಡದಲ್ಲಿ ಪ್ರಕಾಶಕರನ್ನೇ ನೇರವಾಗಿ ಕಾಣುವ ರೂಢಿಯಿರುವುದರಿಂದ, ನಮ್ಮ ಕಡೆ ಈ ಬಗ್ಗೆ ಕೇಳಲು ಅನುಭವಸ್ಥರು ಸಿಗುತ್ತಿಲ್ಲ.

ಕ್ವೆರಿ ಪತ್ರವನ್ನು, ಅಂದರೆ ಏಜೆಂಟರಿಗೆ ಕೃತಿಯನ್ನು ಪರಿಚಯಿಸುವ ಪತ್ರವನ್ನು, ಒಂದೇ ಪುಟಕ್ಕೆ ಇಳಿಸಿದ್ದೇನೆ: ಕಾದಂಬರಿ ಯಾವ ಬಗೆಯದು, ಒಟ್ಟು ಪದಸಂಖ್ಯೆ, ಮುಖ್ಯ ಸಂಘರ್ಷ, ನನ್ನ ಕಿರುಪರಿಚಯ. ತೊಡಕಿರುವುದು ಸಿನಾಪ್ಸಿಸ್‌ನಲ್ಲಿ. ಅಂತ್ಯವನ್ನೂ ಬಚ್ಚಿಡದೆ ಇಡೀ ಕಥೆಯನ್ನು ಅದರಲ್ಲಿ ಹೇಳಬೇಕೆಂಬುದು ಗೊತ್ತಿದೆ. ಆದರೆ ನನ್ನ ಕಾದಂಬರಿಯಲ್ಲಿ 1970ರ ದಶಕದ ಅಜ್ಜಿಯ ಕಥೆಯೂ ಇಂದಿನ ಮೊಮ್ಮಗಳ ಕಥೆಯೂ ಅಧ್ಯಾಯ ಬಿಟ್ಟು ಅಧ್ಯಾಯ ಬರುತ್ತವೆ. ಅಜ್ಜಿ ತನ್ನ ಕೈಮಗ್ಗವನ್ನು ಯಾರಿಗಾಗಿ ಮಾರಿದಳೆಂಬುದು ಮೊಮ್ಮಗಳಿಗೆ ಕೊನೆಯಲ್ಲಷ್ಟೇ ತಿಳಿಯುತ್ತದೆ. ಕಾಲಾನುಕ್ರಮದಲ್ಲಿ ಬರೆದು ನೋಡಿದೆ, ಆ ಗುಟ್ಟು ಮೊದಲ ಪ್ಯಾರಾದಲ್ಲೇ ಬಯಲಾಗಿ ಮೊಮ್ಮಗಳ ಹುಡುಕಾಟಕ್ಕೆ ಬಲವೇ ಉಳಿಯಲಿಲ್ಲ. ಅಧ್ಯಾಯಗಳ ಕ್ರಮದಲ್ಲಿ ಬರೆದಾಗ, ಎರಡು ವಾಕ್ಯಕ್ಕೊಮ್ಮೆ ಕಾಲ ಬದಲಾಗುವುದರಿಂದ, ಓದಿದ ಗೆಳತಿಗೆ ಯಾರು ಯಾರೆಂಬುದೇ ತಿಳಿಯಲಿಲ್ಲ. ಹತ್ತಿರದವಳಿಗೇ ಹೀಗಾದರೆ, ಅಪರಿಚಿತ ಏಜೆಂಟರು ಮುಂದೆ ಓದುವರೇ ಎಂಬ ಚಿಂತೆ ನನ್ನದು.

ಏಜೆಂಟರಿಗೆ ಹಸ್ತಪ್ರತಿ ಕಳಿಸಿದ ಅನುಭವವುಳ್ಳವರು ದಯವಿಟ್ಟು ತಿಳಿಸಿ: ಇಂಥ ಕಾದಂಬರಿಯ ಒಂದು ಪುಟದ ಸಿನಾಪ್ಸಿಸ್‌ನಲ್ಲಿ ಘಟನೆಗಳು ನಡೆದ ಕ್ರಮವನ್ನು ಅನುಸರಿಸಬೇಕೇ, ಅಥವಾ ಓದುಗರಿಗೆ ತಿಳಿಯುವ ಕ್ರಮವನ್ನೇ ಉಳಿಸಿಕೊಳ್ಳಬೇಕೇ?