ಸೈಕಲ್ ಪಥ ಹಾಕಿದರೆ ಆಫೀಸಿಗೆ ತುಳಿಯುವವರು ಜಾಸ್ತಿ ಆಗುತ್ತಾರಾ?

ಪೆಡಲ್‌ಪುಟ್ಟ: 2020ರಲ್ಲಿ ಬೆಂಗಳೂರಿನ ರಿಂಗ್ ರೋಡಿನಲ್ಲಿ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ 17 ಕಿ.ಮೀ. ಸೈಕಲ್ ಪಥ ಅಂತ ಶುರು ಮಾಡಿದರಲ್ಲ, ಅದನ್ನು ನಂಬಿ ಸೈಕಲ್ ತಗೊಂಡವನು ನಾನು. ಪ್ಲಾಸ್ಟಿಕ್ ಕಂಬಗಳು ಒಂದೊಂದೇ ಮುರಿದವು, ಆಮೇಲೆ ಮೆಟ್ರೋ ಕೆಲಸ ಬಂತು. ಈಗ ಸೈಕಲ್ ಮೇಲೆ ಟವೆಲ್ ಒಣಗುತ್ತಿದೆ. ಪಥ ಇದ್ದರೆ ಜನ ತುಳಿಯುತ್ತಾರೆ ಅನ್ನೋದು ನಿಜವಾ?

500ಡಿ ಗಿರಾಕಿ: ಸುಮ್ನೆ ದುಡ್ಡು ದಂಡ ಸ್ವಾಮಿ. ಬಸ್ಸಿನ ಕಿಟಕಿಯಿಂದ ದಿನಾ ನೋಡುತ್ತಿದ್ದೆ, ಹತ್ತು ನಿಮಿಷಕ್ಕೆ ಒಬ್ಬ ಸೈಕಲ್ಲಿನವನು ಕಂಡರೆ ಹೆಚ್ಚು.

ನಾಲ್ಕನೇ ಬ್ಲಾಕ್: ಜಯನಗರದಲ್ಲಿ 2012ರಲ್ಲೇ ಪಥ ಆಗಿತ್ತು. ಕಾರಿನವರಿಗೆ ಒಳ್ಳೆ ಪಾರ್ಕಿಂಗ್ ಸಿಕ್ಕಿತು :) ಬರೀ ಬಣ್ಣ ಬಳಿದರೆ ಇಷ್ಟೇ. ಸ್ಪೇನಿನ ಸೆವಿಲ್ ನೋಡಿ. 2006ರಿಂದ ನಾಲ್ಕೈದು ವರ್ಷದಲ್ಲಿ ಸುಮಾರು 120 ಕಿ.ಮೀ. ಹಾಕಿದರು, ರಸ್ತೆಯಿಂದ ಬೇರೆ ಮಾಡಿ, ಒಂದಕ್ಕೊಂದು ಕೂಡಿಸಿ, ಅದಕ್ಕಾಗಿ ಸಾವಿರಾರು ಕಾರು ನಿಲ್ಲುವ ಜಾಗವನ್ನೇ ಕಿತ್ತರು. ದಿನಕ್ಕೆ ಆರೇಳು ಸಾವಿರ ಇದ್ದ ಸೈಕಲ್ ಓಡಾಟ 60 ಸಾವಿರ ದಾಟಿತು. ಅಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ, ಬಿಸಿಲಿನ ನೆಪ ಬೇಡ.

500ಡಿ ಗಿರಾಕಿ: ಆ ಊರು ಚಪ್ಪಟೆ, ಚಿಕ್ಕದು. ಬನಶಂಕರಿಯಿಂದ ವೈಟ್‌ಫೀಲ್ಡಿಗೆ ನೀವು ತುಳಿಯುತ್ತೀರಾ?

ಸರಸಕ್ಕ: ಅಷ್ಟು ದೂರ ಯಾರು ತುಳಿಯಿರಿ ಅಂದರು? ನನ್ನ ಆಫೀಸು 4 ಕಿ.ಮೀ. ಅಷ್ಟೇ. ಮೂರೂವರೆ ಆರಾಮ, ಒಳರಸ್ತೆ, ಹೊಂಗೆ ಮರದ ನೆರಳು. ಕೊನೆಗೆ ಫ್ಲೈಓವರ್ ಇಳಿಯುವ ಜಾಗ ಬರುತ್ತದೆ, ಬಲಗಡೆಯಿಂದ ಕಾರುಗಳು ನುಗ್ಗುತ್ತವೆ, ಎಡಗಡೆ ಒಂದು ಅಂಗುಲ ಎದ್ದ ಮ್ಯಾನ್‌ಹೋಲ್ ಮುಚ್ಚಳ, ಅಷ್ಟರಲ್ಲಿ ಬಸ್ಸು ಸ್ಟಾಪಿಗೆ ಅಂತ ನನ್ನ ಮುಂದೆಯೇ ಎಡಕ್ಕೆ ಎಳೆಯುತ್ತದೆ. ದುಪಟ್ಟಾ ಸೊಂಟಕ್ಕೆ ಕಟ್ಟಿ, ಇಳಿದು ತಳ್ಳುತ್ತೇನೆ. ಎರಡು ತಿಂಗಳು ಹೀಗೆ ಮಾಡಿ ಸ್ಕೂಟರ್ ತಗೊಂಡೆ. ನೀವು ಹತ್ತು ನಿಮಿಷಕ್ಕೆ ಒಬ್ಬ ಅಂತ ಎಣಿಸಿದಿರಲ್ಲ, ನನ್ನಂಥವರು ಆ ಎಣಿಕೆಗೆ ಸಿಗುವುದೇ ಇಲ್ಲ. ಪಥ ಅರ್ಧದಲ್ಲಿ ನಿಂತರೆ ನಾವು ಮನೆಯಿಂದಲೇ ಹೊರಡುವುದಿಲ್ಲ.

ಚಾಮರಾಜಪುರಂ ಹುಡುಗ: ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಅಂತ ಬಾಡಿಗೆ ಸೈಕಲ್ ಬಂದಾಗ 450 ಸೈಕಲ್, 48 ಸ್ಟ್ಯಾಂಡ್. ಪಥಕ್ಕಿಂತ ಸ್ಟ್ಯಾಂಡೇ ಮುಖ್ಯ ಅಂತ ನನಗೆ ಅನಿಸಿದ್ದು ಆಗಲೇ. ಇಳಿದ ಮೇಲೆ ಎಲ್ಲಿ ಬಿಡೋದು ಅನ್ನುವ ಯೋಚನೆ ಇರಲಿಲ್ಲ.

ಸರಸಕ್ಕ: ಅದೂ ಹೌದಪ್ಪ. ನಮ್ಮ ಆಫೀಸಿನಲ್ಲಿ ಸೆಕ್ಯೂರಿಟಿಯವರು "ಜನರೇಟರ್ ಹಿಂದೆ ಇಡಿ ಮೇಡಂ" ಅನ್ನುತ್ತಿದ್ದರು. ಸಂಜೆ ಸೀಟಿನ ತುಂಬ ಮಸಿ. ಆದರೂ ಫ್ಲೈಓವರ್ ಭಯ ಇಲ್ಲದಿದ್ದರೆ ಮಸಿ ಒರೆಸಿಕೊಂಡು ಬರುತ್ತಿದ್ದೆ.

500ಡಿ ಗಿರಾಕಿ: ಸರಿ ಅಕ್ಕ, ಒಪ್ಪಿದೆ ಅಂದುಕೊಳ್ಳಿ. ಆದರೆ ಪಥ ಬಸ್ ಸ್ಟಾಪಿನ ಮುಂದೆ ಬರುತ್ತದಾ, ಹಿಂದೆಯಾ?

ನಾಲ್ಕನೇ ಬ್ಲಾಕ್: ಹಿಂದೆ. ಸ್ಟಾಪು ನಡುವೆ ದ್ವೀಪದ ಥರ ಇರಬೇಕು. ಬಸ್ಸು ಹತ್ತುವವರು ಪಥ ದಾಟುವ ಕಡೆ ಅದನ್ನು ಸ್ವಲ್ಪ ಎತ್ತರಿಸಬೇಕು, ಸೈಕಲ್ ತಾನಾಗಿ ನಿಧಾನ ಆಗುತ್ತದೆ.

500ಡಿ ಗಿರಾಕಿ: ಹಾಗಾದರೆ ನನ್ನ ತಕರಾರಿಲ್ಲ. ಮುಂದೆ ಹಾಕಿದರೆ ಡ್ರೈವರಣ್ಣ ಪಾಪ, ಎಷ್ಟು ಕಡೆ ಅಂತ ನೋಡುತ್ತಾನೆ.