ಅಪ್‌ಡೇಟ್: ಗೋಧಿ ನಡಿಯಂಗಿಲ್ಲ, ತತ್ತಿನೂ ತಿನ್ನಂಗಿಲ್ಲ, ಬಾದಾಮ್ಯಾಗ ಊಟ ಹೆಂಗ್ ಮಾಡಿದ್ವಿ

ಹೋದ ತಿಂಗಳ ಕೇಳಿದ್ನಲ್ರಿ, ಮಗಳಿಗೆ ಸೀಲಿಯಾಕ್ ಐತಿ, ಅಂದ್ರ ಗೋಧ್ಯಾಗಿರೂ ಗ್ಲುಟೆನ್ ಅನ್ನೂ ಅಂಶ ಕರಳಿಗೆ ಆಗದಿರೂ ಬ್ಯಾನಿ, ಗೋಧಿ ಮೈದಾ ರವಾ ಒಂದ್ ಚೂರೂ ನಡಿಯಂಗಿಲ್ಲ, ಮ್ಯಾಲ ನಾವು ತತ್ತಿನೂ ಮುಟ್ಟದ ಮಂದಿ, ಬಾಗಲಕೋಟಿಂದ ಬಾದಾಮಿಗೆ ಹೊಂಟ್ರ ಊಟಕ್ಕ ಏನ್ ಮಾಡೂದು ಅಂತ. ಹೋಗಿ ಬಂದ್ವಿ.

ಜ್ವಾಳದ ರೊಟ್ಟಿ ಇರೂಮುಂದ ಚಿಂತಿ ಯಾಕ್ರಿ ಅಂದಿದ್ರಿ ಎಲ್ಲಾರೂ. ಖರೇನ, ಜ್ವಾಳದಾಗ ಗ್ಲುಟೆನ್ ಇಲ್ಲ. ಆದ್ರ ಮೊದಲ್ನೇ ಖಾನಾವಳ್ಯಾಗ ಒಳಗ ಇಣಿಕಿ ನೋಡಿದ್ರ ಚಪಾತಿ ಸುಟ್ಟ ಹಂಚಿನ ಮ್ಯಾಲೇ ರೊಟ್ಟಿ, ಹಿಟ್ಟೂ ಗೋಧಿ ಬೀಸೂ ಗಿರಣ್ಯಾಗಿಂದ. ಮಾಲೀಕರಿಗೆ ಹೇಳಿದ್ರ "ಸ್ವಲ್ಪ ತಿಂದ್ರ ಏನಾಗಂಗಿಲ್ಲ ತಗೋರಿ ಅಕ್ಕಾರ" ಅಂತ ನಕ್ರು, ಸಿಟ್ಟು ಬಂತು ಆದ್ರ ಪಾಪ ಅವ್ರಿಗೆ ಗೊತ್ತಿಲ್ಲ.

ನನಗೂ ಗೊತ್ತಿಲ್ಲದ್ದೊಂದಿತ್ತು ನೋಡ್ರಿ, ಇಂಗು! ಡಬ್ಬಿ ಇಂಗಿನಾಗ ಬಹಳಷ್ಟಕ್ಕ ಗೋಧಿ ಹಿಟ್ಟು ಇಲ್ಲಾ ಮೈದಾ ಕೂಡ್ಸಿರ್ತಾರ, ಹಿಂದ ಬರದಿರ್ತೈತಿ, ಯಾರ್ ಓದ್ತೀವಿ ಹೇಳ್ರಿ. ಅಂದ್ರ ಒಗ್ಗರಣಿಗೆ ಇಂಗು ಬಿದ್ದಿದ್ರ ಬ್ಯಾಳಿ, ಝುಣಕ, ಸಾಂಬಾರ್ ಎಲ್ಲಾ ಬಂದ್.

ಪುಣ್ಯಾಕ ಮನ್ಯಾಗ ಬಡಿದ ಕಡಕ್ ರೊಟ್ಟಿ ಕಟಗೊಂಡ್ ಹೋಗಿದ್ದೆ. ಬನಶಂಕರಿ ಗುಡಿ ಹತ್ರ ಬುಟ್ಟಿ ಇಟ್ಕೊಂಡ್ ಕುಂತಿರ್ತಾರಲ್ಲ, ಅಲ್ಲೊಬ್ಬ ಅಜ್ಜಿ ಕಡೆ ಗಡಿಗಿ ಮೊಸರು, ಶೇಂಗಾ ಹಿಂಡಿ ತಗೊಂಡೆ, ಹಿಂಡ್ಯಾಗ ಏನೇನ್ ಹಾಕೀರಿ ಅಂದ್ರ "ಶೇಂಗಾ, ಖಾರ, ಬಳ್ಳೊಳ್ಳಿ, ಜೀರಗಿ, ಉಪ್ಪು, ಮತ್ತೇನ್ ಬಂಗಾರ ಹಾಕ್ಲೇನವಾ" ಅಂದ್ಲು. ಮಗಳು ಮೂರು ರೊಟ್ಟಿ ಹೊಡದ್ಲು, ಹೊಟ್ಟಿ ಏನೂ ತಕರಾರು ಮಾಡ್ಲಿಲ್ಲ.

ಮುಂದಿನ ವಾರ ಬೆಳಗಾವ್ಯಾಗ ಮದುವಿ ಐತಿ, ಅಡಗಿಯವ್ರಿಗೆ ಈಗ್ಲೇ ಫೋನ್ ಹಚ್ಚೀನಿ.