ರಾಯಚೂರಿನ ಬಿಸಿಲಿಗೆ ಪಿಜ್ಜಾ ಹಿಟ್ಟು ಹುಳಿ ಬರ್ತದ, ಏನ್ ಮಾಡ್ಬೇಕ್ರಿ?

ಪ್ರಶ್ನೆ (ರಾಯಚೂರು)
ಓವನ್ ಇಲ್ಲ, ಹಂಚಿನ ಮ್ಯಾಲೇ ಮಾಡ್ಬೇಕು. 2 ಕಪ್ ಮೈದಾಕ್ಕ 2 ಚಮಚ ಈಸ್ಟ್ ಹಾಕಿ ಎರಡು ತಾಸು ಮುಚ್ಚಿಟ್ಟೆ. ಹಿಟ್ಟು ಉಬ್ಬಿ ಕುಸೀತು, ಹುಳಿ ವಾಸನಿ ಬಂತು. ತಳ ಕರ್ರಗಾದ್ರೂ ಚೀಸ್ ಕರಗಲಿಲ್ಲ. ಮೈದಾ ಬದ್ಲಿ ಜೋಳದ ಹಿಟ್ಟು ನಡೀತದೇನ್ರಿ?

ಉತ್ತರ (ಬಳ್ಳಾರಿ)
ಈಸ್ಟ್ ಭಾಳ ಆಗೈತೆ ನೋಡ್ರಿ. ಮೈದಾ 250 ಗ್ರಾಂ, ನೀರು 150 ಮಿಲಿ, ಉಪ್ಪು 5 ಗ್ರಾಂ, ಸಕ್ಕರೆ ಒಂದು ಸಣ್ಣ ಚಮಚ, ಎಣ್ಣೆ ಒಂದು ದೊಡ್ಡ ಚಮಚ. ಇಷ್ಟಕ್ಕೆ ಇನ್‌ಸ್ಟಂಟ್ ಈಸ್ಟ್ ಅರ್ಧ ಸಣ್ಣ ಚಮಚ, ಏಪ್ರಿಲ್-ಮೇದಾಗ ಕಾಲು ಚಮಚ ಸಾಕು. ನೀರು ಬಿಸಿ ಬ್ಯಾಡ, ಮಡಕೆ ನೀರೇ ಹಾಕ್ರಿ.

8-10 ನಿಮಿಷ ಚೆನ್ನಾಗಿ ನಾದ್ರಿ. ಚೂರು ಹಿಟ್ಟು ಹಿಡಿದು ಎಳೆದ್ರೆ ಹರೀದೆ, ಬೆಳಕು ಕಾಣೋಷ್ಟು ತೆಳ್ಳಗಾಗ್ಬೇಕು. ಆಮೇಲೆ ಗಡಿಯಾರ ನೋಡಬ್ಯಾಡ್ರಿ, ಹಿಟ್ಟು ನೋಡ್ರಿ. ಎರಡು ಪಟ್ಟು ಆದಾಗ ಬೆರಳಿಂದ ಒತ್ತಿದ್ರೆ ಕುಳಿ ನಿಧಾನಕ್ಕೆ ಅರ್ಧ ಮಾತ್ರ ಮ್ಯಾಲೆ ಬರ್ಬೇಕು. ಬರಲೇ ಇಲ್ಲಾಂದ್ರೆ ಹದ ಮೀರೈತೆ. ನಮ್ಮ ಬ್ಯಾಸಗಿಗೆ ಮುಕ್ಕಾಲು ತಾಸಿನಾಗೇ ಉಬ್ಬಬಹುದು.

ಉತ್ತರ (ಕೊಪ್ಪಳ)
ಹಂಚಿನಾಗ ಕಾವು ಕೆಳಗಿಂದ ಅಷ್ಟೇ ಬರತೈತಿ, ಅದಕ್ಕ ತಳ ಸುಟ್ಟು ಚೀಸ್ ಹಂಗೇ ಉಳೀತು. ದಪ್ಪ ಹಂಚು ಇಡ್ರಿ. ಕಾಲಿಂಚು ದಪ್ಪ ಲಟ್ಟಿಸಿ, ಫೋರ್ಕಿನಿಂದ ಚುಚ್ಚಿ, ಮಧ್ಯಮ ಉರಿಯಾಗ ಒಂದೇ ಮಗ್ಗಲು 2 ನಿಮಿಷ ಬೇಯಿಸ್ರಿ. ಕೆಳಗ ಕಂದು ಚುಕ್ಕಿ ಬಂದ್ರ ಇಳಿಸಿ ತಿರುವಿ, ಬೆಂದ ಮಗ್ಗಲಿಗೆ ಸಾಸ್, ಮೊಝರೆಲ್ಲಾ ಹಾಕ್ರಿ. ಮತ್ತ ಹಂಚಿನ ಮ್ಯಾಲಿಟ್ಟು, ಮುಚ್ಚಿ, ಸಣ್ಣ ಉರಿಯಾಗ 5-6 ನಿಮಿಷ. ನಡುವ ಒಮ್ಮೆ ಮುಚ್ಚಳದ ಒಳಗಿನ ಹನಿ ಒರೆಸ್ರಿ. ಅವು ಬಿದ್ರ ಪಿಜ್ಜಾ ಮೆತ್ತಗಾಗತೈತಿ.

ಚೀಸ್ ಮೊದಲೇ ಫ್ರಿಜ್ಜಿನಿಂದ ತಗದು ತುರೀರಿ. ಉಳ್ಳಾಗಡ್ಡಿ, ದೊಣ್ಣ ಮೆಣಸಿನಕಾಯಿ ನೀರು ಬಿಡತಾವು, ಒಂದು ನಿಮಿಷ ಒಣ ಹುರಿದ ಹಾಕ್ರಿ.

ಉತ್ತರ (ಸಿಂಧನೂರು)
ಜೋಳದಾಗ ಗ್ಲುಟೆನ್ (ಹಿಟ್ಟಿಗೆ ಜಿಗಿ ಕೊಡೋ ಅಂಶ) ಇಲ್ಲ, ಈಸ್ಟಿನ ಗಾಳಿ ಹಿಡದು ನಿಲ್ಲಂಗಿಲ್ಲ, ರೊಟ್ಟಿಯಂಗ ಒಡೀತದ. ಬೇಕಂದ್ರ ಮೈದಾದ ಕಾಲು ಭಾಗದಷ್ಟು ಬೆರೆಸ್ರಿ, ಅದಕ್ಕ ಮ್ಯಾಲೆ ಬ್ಯಾಡ.

ಸಾಸಿಗೆ 4 ಹಣ್ಣಾದ ಟೊಮ್ಯಾಟೊ ಕುದಿಸಿ ಸಿಪ್ಪಿ ತಗದು, ಬೆಳ್ಳುಳ್ಳಿ-ಎಣ್ಣಿಯಾಗ ಬತ್ತಿಸ್ರಿ. ಚಮಚ ಎಳದ್ರ ಹಿಂದ ದಾರಿ ಉಳೀಬೇಕು. ಜವಾರಿ ಹಣ್ಣು ಹುಳಿ, ಚಿಟಿಕಿ ಸಕ್ಕರಿ ಬೇಕಾಗ್ತದ. ಇಟಲಿಯ ನೇಪಲ್ಸ್‌ನಾಗ ಹಿಟ್ಟಿಗೆ ಎಣ್ಣಿ, ಸಕ್ಕರಿ ಹಾಕಂಗಿಲ್ಲ. ಅಲ್ಲಿ 430 ಡಿಗ್ರಿ ದಾಟಿದ ಕಟ್ಟಿಗಿ ಒಲಿಯಾಗ 60-90 ಸೆಕೆಂಡಿನಾಗ ಬೇಯ್ತದ. ನಮ್ಮ ಹಂಚಿಗೆ ಅಷ್ಟು ಕಾವಿಲ್ಲ, ಅದಕ್ಕ ಬಣ್ಣಕ್ಕ ಸಕ್ಕರಿ, ಮೆತ್ತಗಿರಾಕ ಎಣ್ಣಿ.

ಪ್ರಶ್ನೆ ಕೇಳಿದವರು
ರಾತ್ರಿ ಫ್ರಿಜ್ಜಿನಾಗ ಇಟ್ರ ನಡೀತದೇನ್ರಿ?

ಉತ್ತರ (ಬಳ್ಳಾರಿ)
ಅದೇ ಚಲೋ ನೋಡ್ರಿ, ರುಚಿನೂ ಹೆಚ್ಚು. ಈಸ್ಟ್ ಒಂದು ಚಿಟಿಕೆ ಸಾಕು. ಡಬ್ಬಿಗೆ ಎಣ್ಣೆ ಸವರಿ, ಉಬ್ಬಾಕ ಜಾಗ ಬಿಟ್ಟು ಮುಚ್ರಿ. ಲಟ್ಟಿಸೋಕೆ ಅರ್ಧ ತಾಸು ಮುಂಚೆ ಹೊರಗ ತೆಗೀರಿ; ತಣ್ಣಗಿದ್ರೆ ಲಟ್ಟಿಸಿದಂಗೆಲ್ಲ ಹಿಂದಕ್ಕೆ ಕುಗ್ಗುತ್ತೆ.